ಬ್ಯಾಕಪ್ ಆಗಿತ್ತು, ಡಿ ಡ್ರೈವ್ ಇರಲಿಲ್ಲ

ಕುವೆಂಪುನಗರ, ಮೈಸೂರು
ಭಾನುವಾರ ಸಂಜೆ

ಪ್ರೀತಿಯ ಗೆಳೆಯ,

ಉಭಯ ಕುಶಲೋಪರಿ. ಮಂಗಳವಾರ ಬೆಳಿಗ್ಗೆ ನೀನು ಮಂಡ್ಯದಿಂದ ಫೋನ್ ಮಾಡಿ, ಮಂಡಿಯ ಲೆಕ್ಕದ ಪರದೆ ಕಲ್ಲಿನಂತೆ ನಿಂತುಬಿಟ್ಟಿದೆ, ಆಲೆಮನೆಯವರು ಬೆಲ್ಲ ತಂದು ಬಾಗಿಲಲ್ಲಿ ಕಾಯುತ್ತಿದ್ದಾರೆ ಎಂದಾಗ, ಹತ್ತು ನಿಮಿಷ ಕೊಡು ಎಂದು ನಾನು ಹೇಳಿದ್ದೆ. ಅದು ಎರಡು ಗಂಟೆಯಾಯಿತು. ಸಂಜೆ ಎಲ್ಲವೂ ಸರಿಹೋಯಿತೆಂದು ತಿಳಿಸಿದೆನಾದರೂ, ಏನಾಗಿತ್ತು ಎಂಬುದನ್ನು ಆಗ ಪೂರ್ತಿಯಾಗಿ ಹೇಳಲಿಲ್ಲ. ಏಕೆಂದರೆ ಪೂರ್ತಿ ನನಗೂ ತಿಳಿದಿರಲಿಲ್ಲ. ಈಗ ತಿಳಿದಿದೆ. ನಿನ್ನ ಮೂರು ವರ್ಷದ ಲೆಕ್ಕ ನನ್ನ ಮನೆಯ ಅಟ್ಟದ ಮೇಲಿರುವ ಒಂದು ಹಳೆಯ ಕಂಪ್ಯೂಟರಿನಲ್ಲಿ ಇರುವುದರಿಂದ, ಇದನ್ನು ನಿನಗೆ ಬರೆದು ತಿಳಿಸುವುದು ನನ್ನ ಕರ್ತವ್ಯ.

ಆ ಕಂಪ್ಯೂಟರಿನಲ್ಲಿ ಒಂದೇ ಯಂತ್ರವನ್ನು ಹಲವು ಯಂತ್ರಗಳಂತೆ ನಡೆಸುವ ಪ್ರಾಕ್ಸ್‌ಮಾಕ್ಸ್ ಎಂಬ ತಂತ್ರಾಂಶ ಇದೆ, ಅದರೊಳಗೆ ಅಂಥ ಮೂರು ವರ್ಚುವಲ್ ಮಷೀನುಗಳಿವೆ ಎಂಬುದು ನಿನಗೆ ಗೊತ್ತು. 101 ನಿನ್ನ ವಿಂಡೋಸ್; ಅದಕ್ಕೆ 80 ಜಿಬಿಯ ಸಿ ಡ್ರೈವ್, 150 ಜಿಬಿಯ ಡಿ ಡ್ರೈವ್. 102ರಲ್ಲಿ ನಮ್ಮ ಮನೆಯ ಫೋಟೋ, ವಿಡಿಯೋಗಳು. ಅದಕ್ಕೆ 250 ಜಿಬಿ. 103 ಜಾಹೀರಾತು ತಡೆಯುವ ಪುಟ್ಟ ಯಂತ್ರ, ಅದಕ್ಕೆ 20. ಒಟ್ಟು 500 ಜಿಬಿ ಹಂಚಿದ್ದೇನೆ. ಆದರೆ ಈ ಡಿಸ್ಕುಗಳೆಲ್ಲ ಕುಳಿತಿರುವ ಎಲ್‌ವಿಎಂ ಥಿನ್ ಪೂಲ್ ಎಂಬ ಸಾಮಾನ್ಯ ಜಾಗ ಇರುವುದೇ 340 ಜಿಬಿ. ಇಲ್ಲದ ಜಾಗವನ್ನು ಹೇಗೆ ಹಂಚಿದೆ ಎಂದು ನೀನು ಕೇಳಬಹುದು. ಕೆಆರ್‌ಎಸ್ ಅಣೆಕಟ್ಟು 124.80 ಅಡಿ ತುಂಬಿದರೂ ಕಾಗದದ ಮೇಲಿನ ಅಚ್ಚುಕಟ್ಟಿಗೆಲ್ಲ ಒಂದೇ ದಿನ ನೀರು ಬಿಡಲಾಗುವುದಿಲ್ಲ. ಸರದಿಯ ಮೇಲೆ ಬಿಡುತ್ತಾರೆ, ಹಾಗಾಗಿ ನಡೆಯುತ್ತದೆ. ಥಿನ್ ಪೂಲ್ ಕೂಡ ಅದೇ ಭರವಸೆಯ ಮೇಲೆ ನಡೆಯುತ್ತದೆ. 150 ಜಿಬಿ ಎಂದು ಬರೆದುಕೊಟ್ಟಿದ್ದರೂ, ಯಂತ್ರವು ನಿಜವಾಗಿ ಬರೆದಷ್ಟೇ ಜಾಗ ಖರ್ಚಾಗುತ್ತದೆ. ಎಲ್ಲರೂ ಒಟ್ಟಿಗೆ ನೀರು ಕೇಳಿದ ದಿನ ಮಾತ್ರ ನಾಲೆಯ ಕೊನೆಯವನಿಗೆ ಸಿಗುವುದಿಲ್ಲ. ಮಂಗಳವಾರ ಆ ಕೊನೆಯವನು ನೀನಾಗಿದ್ದೆ.

ನಿನ್ನ ಫೋನ್ ಇಟ್ಟ ಮೇಲೆ ನೋಡಿದಾಗ 101ರ ಮೇಲೆ ಹಳದಿ ತ್ರಿಕೋನ ಇತ್ತು, ಪಕ್ಕದಲ್ಲಿ ಐಒ ಎರರ್ ಎಂದಿತ್ತು. ಕೈ ತಾನಾಗಿಯೇ ರೀಸೆಟ್ ಗುಂಡಿಯ ಕಡೆಗೆ ಹೋಯಿತು, ಪುಣ್ಯಕ್ಕೆ ಒತ್ತಲಿಲ್ಲ. ಜಾಗ ಮುಗಿದಾಗ ಪೂಲ್ ಸುಮಾರು 60 ಸೆಕೆಂಡು ಕಾದು ನೋಡುತ್ತದೆ, ಆಮೇಲೂ ಜಾಗ ಸಿಗದಿದ್ದರೆ ಬರೆಯಲಾಗದು ಎಂದು ತಿಳಿಸುತ್ತದೆ. ಆಗ ವರ್ಚುವಲ್ ಮಷೀನ್ ಸಾಯುವುದಿಲ್ಲ. ಬರೆಯಬೇಕಿದ್ದುದನ್ನು ಕೈಯಲ್ಲಿ ಹಿಡಿದುಕೊಂಡು, ನಿಂತಲ್ಲೇ ನಿಲ್ಲುತ್ತದೆ. ಜಾಗ ಒದಗಿಸಿ ರೆಸ್ಯೂಮ್ ಒತ್ತಿದರೆ ಅದನ್ನೇ ಮತ್ತೆ ಬರೆದು ಮುಂದೆ ಸಾಗುತ್ತದೆ. ರೀಸೆಟ್ ಒತ್ತಿದರೆ ಕೈಯಲ್ಲಿದ್ದುದು ಚೆಲ್ಲಿಹೋಗುತ್ತದೆ, ತುಂಬಿದ ಪೂಲ್ ಮಾತ್ರ ತುಂಬಿದ ಹಾಗೆಯೇ ಇರುತ್ತದೆ.

ಪೂಲಿನ ಸ್ಥಿತಿ ತೋರಿಸುವ ಎಲ್‌ವಿಎಸ್ ಎಂಬ ಆಜ್ಞೆ ಕೊಟ್ಟಾಗ ಡೇಟಾ ಕಾಲಂನಲ್ಲಿ 100.00 ಪ್ರತಿಶತ ಎಂದು ಬಂದಿತು. ಅದರ ಪಕ್ಕದ ಮೆಟಾ ಕಾಲಂ 4ರ ಆಸುಪಾಸಿನಲ್ಲಿದ್ದುದು ಕಂಡು ಉಸಿರು ಬಂದಂತಾಯಿತು. ಯಾವ ತುಣುಕು ಯಾರದು ಎಂಬ ಖಾತೆಯನ್ನು ಪೂಲ್ ಆ ಮೆಟಾಡೇಟಾದಲ್ಲಿ ಇಟ್ಟುಕೊಳ್ಳುತ್ತದೆ. ಗೋದಾಮು ತುಂಬಿದರೆ ಹೊಸ ಮಾಲು ಇಡಲಾಗದು ಅಷ್ಟೆ, ಖಾತೆ ಪುಸ್ತಕವೇ ಕೆಟ್ಟರೆ ಇರುವ ಮಾಲು ಯಾರದೆಂದೇ ಗೊತ್ತಾಗದು. ಮುಂದೆ ನೀನೇ ಒಂದು ಯಂತ್ರ ಹಾಕಿಕೊಂಡರೆ ಈ ಎರಡೂ ಅಂಕಿಗಳನ್ನು ನೋಡುವ ರೂಢಿ ಮಾಡಿಕೊ.

ತುಂಬಿದ ಪೂಲಿಗೆ ಅಂಗಡಿಗೆ ಓಡಿ ಹೊಸ ಡಿಸ್ಕ್ ತರುವ ಮೊದಲು ಇನ್ನೊಂದು ಜಾಗ ನೋಡಬೇಕಿತ್ತು. ಪ್ರಾಕ್ಸ್‌ಮಾಕ್ಸ್ ಸ್ಥಾಪಿಸುವಾಗ ನಾವು ಏನನ್ನೂ ಬದಲಿಸದಿದ್ದರೆ, ಇಷ್ಟು ದೊಡ್ಡ ಡಿಸ್ಕಿನಲ್ಲಿ ಅದು 16 ಜಿಬಿಯನ್ನು ಯಾರಿಗೂ ಕೊಡದೆ ವಾಲ್ಯೂಮ್ ಗ್ರೂಪಿನಲ್ಲಿ, ಅಂದರೆ ಪೂಲನ್ನೂ ಒಳಗೊಂಡ ದೊಡ್ಡ ಜಾಗದಲ್ಲಿ, ಹಾಗೆಯೇ ಉಳಿಸಿರುತ್ತದೆ. ನಮ್ಮ ಅಜ್ಜಿ ಸಾಸಿವೆ ಡಬ್ಬಿಯಲ್ಲಿ ದುಡ್ಡು ಬಚ್ಚಿಡುತ್ತಿದ್ದ ಹಾಗೆ. ವಿಜಿಎಸ್ ಎಂಬ ಆಜ್ಞೆಯಿಂದ ಕೇಳಿದರೆ ಆ 16 ಜಿಬಿ ಅಲ್ಲೇ ಇತ್ತು. ಅದರಲ್ಲಿ 10 ಜಿಬಿಯನ್ನು ಎಲ್‌ವಿ ಎಕ್ಸ್‌ಟೆಂಡ್ ಮೂಲಕ ಪೂಲಿಗೆ ಸೇರಿಸಿ ರೆಸ್ಯೂಮ್ ಒತ್ತಿದೆ. ನಿನ್ನ ಪರದೆಯಲ್ಲಿ ಅರ್ಧ ಬರೆದಿದ್ದ ಬಿಲ್ಲು ಅಲ್ಲಿಂದಲೇ ಮುಂದುವರಿಯಿತು. ಅದು ನೀನು ನನ್ನನ್ನು ಹೊಗಳಿದ ಗಳಿಗೆ. ಆ ಹೊಗಳಿಕೆಗೆ ನಾನು ಅರ್ಹನಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಜಾಗ ಹೋದದ್ದೆಲ್ಲಿಗೆ ಎಂದು ಸಂಜೆ ಹುಡುಕಿದೆ. ಯುಗಾದಿಯ ಹೊತ್ತಿಗೆ ನಿನ್ನ ವಿಂಡೋಸ್ ಅಪ್‌ಡೇಟ್ ಮಾಡುವ ಮುನ್ನ ಒಂದು ಸ್ನ್ಯಾಪ್‌ಶಾಟ್, ಅಂದರೆ ಡಿಸ್ಕಿನ ಆ ಗಳಿಗೆಯ ಸ್ಥಿತಿಯ ಗುರುತು, ತೆಗೆದು, ಅದನ್ನು ಅಳಿಸಲು ಮರೆತಿದ್ದೆ. ಸ್ನ್ಯಾಪ್‌ಶಾಟ್ ತೆಗೆದ ದಿನ ಏನೂ ಜಾಗ ತಿನ್ನುವುದಿಲ್ಲ. ಆಮೇಲೆ ನೀನು ಏನನ್ನು ಬದಲಿಸಿದರೂ ಹಳೆಯದನ್ನು ಅದು ಎಸೆಯದೆ ಇಟ್ಟುಕೊಳ್ಳುತ್ತ ಹೋಗುತ್ತದೆ. ತಿಂಗಳುಗಳು ಕಳೆದಾಗ ಅದು 48 ಜಿಬಿ ತಿಂದಿತ್ತು. ಇನ್ನೊಂದು ಸೋರಿಕೆ ನಮ್ಮ ಫೋಟೋ ಯಂತ್ರದ್ದು. ಎರಡೆರಡು ಬಾರಿ ಸೇರಿದ್ದ ವಿಡಿಯೋಗಳನ್ನು ನನ್ನ ಹೆಂಡತಿ ಒಂದು ಇಡೀ ಭಾನುವಾರ ಕುಳಿತು ಅಳಿಸಿದ್ದಳು. ಪೂಲಿಗೆ ಅದರಿಂದ ಒಂದು ಎಂಬಿಯೂ ಮರಳಿರಲಿಲ್ಲ. ಯಂತ್ರದೊಳಗೆ ಅಳಿಸಿದ್ದು ಹೊರಗಿನ ಪೂಲಿಗೆ ತಿಳಿಯಬೇಕಾದರೆ ಆ ಡಿಸ್ಕಿನ ಸೆಟ್ಟಿಂಗಿನಲ್ಲಿ ಡಿಸ್ಕಾರ್ಡ್ ಎಂಬುದಕ್ಕೆ ಟಿಕ್ ಹಾಕಿರಬೇಕು. ಟಿಕ್ ಹಾಕಿದ ಮೇಲೆ ಯಂತ್ರವನ್ನು ಒಳಗಿನಿಂದ ರೀಸ್ಟಾರ್ಟ್ ಮಾಡಿದರೆ ಸಾಲದು, ಪೂರ್ತಿ ಆರಿಸಿ ಮತ್ತೆ ಹಚ್ಚಬೇಕು. ಅನಂತರ ಆ ಯಂತ್ರದ ಲಿನಕ್ಸಿನೊಳಗೆ, ಅಳಿಸಿದ ಜಾಗವನ್ನು ಪೂಲಿಗೆ ತಿಳಿಸುವ ಎಫ್‌ಎಸ್‌ಟ್ರಿಮ್ ಆಜ್ಞೆ ಓಡಿಸಿದಾಗ 64 ಜಿಬಿ ಮರಳಿ ಬಂದಿತು. ಎರಡನ್ನೂ ಮುಗಿಸಿದ ಮೇಲೆ ಪೂಲ್ 65 ಪ್ರತಿಶತಕ್ಕೆ ಇಳಿಯಿತು.

ಇಲ್ಲಿಗೆ ಕತೆ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಬುಧವಾರ ರಾತ್ರಿ, ಇಷ್ಟೆಲ್ಲ ಆದ ಮೇಲೆ ಬ್ಯಾಕಪ್ ಒಮ್ಮೆ ನೋಡೋಣವೆಂದು ಪಟ್ಟಿ ತೆರೆದೆ. ಏಳು ದಿನಗಳದ್ದು ಇರಬೇಕಾದ ಕಡೆ ಮೂರೇ ಇದ್ದವು. ಪ್ರತಿ ಬೆಳಿಗ್ಗೆ ಯಶಸ್ವಿ ಎಂದು ಇಮೇಲ್ ಬರುತ್ತಿತ್ತು, ನಾನೂ ತೆರೆಯದೆ ನಂಬುತ್ತಿದ್ದೆ. ಬ್ಯಾಕಪ್ ಇಡುವ ಯುಎಸ್‌ಬಿ ಡಿಸ್ಕಿನ ದೀಪ ಉರಿಯುತ್ತಿದ್ದರೂ ಅದು ಮೌಂಟ್ ಆಗಿರಲಿಲ್ಲ, ಅಂದರೆ ತನ್ನ ಫೋಲ್ಡರಿಗೆ ಜೋಡಣೆಯಾಗಿರಲಿಲ್ಲ ಎಂಬುದು ಆಗ ಗಮನಕ್ಕೆ ಬಂದಿತು. ಕೈಯಿಂದ ಮೌಂಟ್ ಮಾಡಿ ಪಟ್ಟಿಯನ್ನು ಮತ್ತೆ ತೆರೆದಾಗ, ಆ ಮೂರು ಮಾಯವಾಗಿ ಬೇರೆಯೇ ಏಳು ಪ್ರತ್ಯಕ್ಷವಾದವು. ಅರ್ಧ ನಿಮಿಷ ನನಗೆ ಏನೂ ಅರ್ಥವಾಗಲಿಲ್ಲ.

ಆದದ್ದು ಇಷ್ಟು. ಹಿಂದಿನ ವಾರ ಕರೆಂಟು ಹೋಗಿ ಬಂದಾಗ ಯುಎಸ್‌ಬಿ ಡಿಸ್ಕ್ ತಡವಾಗಿ ಎದ್ದಿದೆ. ಡಿಸ್ಕ್ ಇಲ್ಲದಿದ್ದರೂ ಬೂಟ್ ನಿಲ್ಲಬಾರದೆಂದು ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ನೋಫೇಲ್ ಎಂದು ಬರೆದಿದ್ದವನು ನಾನೇ. ಡಿಸ್ಕ್ ಇಲ್ಲದಿದ್ದರೇನು, ಬ್ಯಾಕಪ್ ಎಂಬ ಹೆಸರಿನ ಖಾಲಿ ಫೋಲ್ಡರ್ ಇದ್ದೇ ಇತ್ತಲ್ಲ; ಪ್ರಾಕ್ಸ್‌ಮಾಕ್ಸ್ ಮೂರು ರಾತ್ರಿ ಅಲ್ಲಿಗೇ, ಅಂದರೆ ತನ್ನದೇ ಸಿಸ್ಟಮ್ ಡಿಸ್ಕಿಗೆ, ಬ್ಯಾಕಪ್ ಬರೆದಿದೆ. ಯಾವ ಡಿಸ್ಕ್ ಹೋದರೆ ಇರಲಿ ಎಂದು ಬ್ಯಾಕಪ್ ಮಾಡುತ್ತಿದ್ದೆವೋ ಅದೇ ಡಿಸ್ಕಿಗೆ. ಮೌಂಟ್ ಮಾಡುವುದೆಂದರೆ ಫೋಲ್ಡರಿನ ಮೇಲೆ ಚಾಪೆ ಹಾಸಿದ ಹಾಗೆ. ಚಾಪೆಯ ಕೆಳಗಿರುವುದು ಹೋಗುವುದಿಲ್ಲ, ಕಾಣುವುದಿಲ್ಲ ಅಷ್ಟೆ. ಡಿಸ್ಕ್ ಎಷ್ಟು ತುಂಬಿದೆ ಎಂದು ಹೇಳುವ ಡಿಎಫ್ ಆಜ್ಞೆ ಕೊಟ್ಟರೆ ಸಿಸ್ಟಮ್ ಡಿಸ್ಕ್ 93 ಪ್ರತಿಶತ ತುಂಬಿದೆ ಎನ್ನುತ್ತಿತ್ತು, ಕಾಣುವ ಫೈಲುಗಳನ್ನಷ್ಟೇ ಕೂಡಿಸುವ ಡಿಯು ಎಣಿಸಿದರೆ 9 ಜಿಬಿಗಿಂತ ಹೆಚ್ಚು ಸಿಗುತ್ತಿರಲಿಲ್ಲ. ಮೂಲ ಫೈಲ್ ಸಿಸ್ಟಮನ್ನು ಬೇರೊಂದು ಖಾಲಿ ಫೋಲ್ಡರಿನಲ್ಲಿ ಬೈಂಡ್ ಮೌಂಟ್ ಮಾಡಿ, ಅಂದರೆ ಇನ್ನೊಂದು ಬಾಗಿಲಿನಿಂದ, ನೋಡಿದಾಗ ಚಾಪೆಯ ಕೆಳಗಿನ ಮೂರು ಫೈಲುಗಳು, ಒಂದೊಂದೂ 26 ಜಿಬಿಯವು, ಕೈಗೆ ಸಿಕ್ಕವು. ಇನ್ನೊಂದು ರಾತ್ರಿ ಕಳೆದಿದ್ದರೆ ಸಿಸ್ಟಮ್ ಡಿಸ್ಕೇ ತುಂಬಿ, ವೆಬ್ ಪುಟಕ್ಕೆ ಲಾಗಿನ್ ಆಗುವುದೂ ಕಷ್ಟವಾಗುತ್ತಿತ್ತು. ಆ ಸ್ಟೋರೇಜಿಗೆ ಈಗ ಈಸ್ ಮೌಂಟ್‌ಪಾಯಿಂಟ್ ಎಂಬ ಆಯ್ಕೆಯನ್ನು ಹಾಕಿದ್ದೇನೆ. ಇನ್ನು ಡಿಸ್ಕ್ ನಿಜವಾಗಿ ಕೂರದಿದ್ದರೆ ಬ್ಯಾಕಪ್ ನಡೆಯದೆ ತಪ್ಪು ವರದಿಯಾಗುತ್ತದೆ.

ಈಗ ನಿನಗೆ ಹೇಳಲೇಬೇಕಾದ ಮಾತು. ಅದೇ ರಾತ್ರಿ, ಬಂದದ್ದು ಬರಲಿ ಎಂದು ನಿನ್ನ ಯಂತ್ರದ ಒಂದು ಬ್ಯಾಕಪ್ಪನ್ನು ಹೊಸ ನಂಬರಿಗೆ, 901 ಎಂದು, ರಿಸ್ಟೋರ್ ಮಾಡಿದೆ. ಇರುವ ಯಂತ್ರದ ಮೇಲೆ ರಿಸ್ಟೋರ್ ಪರೀಕ್ಷೆ ಎಂದೂ ಮಾಡಬಾರದು. ಅವಳಿಗಳು ಒಂದೇ ವಿಳಾಸ ಹಿಡಿದು ಜಗಳವಾಡದಿರಲೆಂದು ಹೊಸ ಯಂತ್ರದ ನೆಟ್‌ವರ್ಕ್ ಕೊಂಡಿಯನ್ನು ಮೊದಲೇ ಕಳಚಿದ್ದೆ. ಹಚ್ಚಿದೆ, ವಿಂಡೋಸ್ ಎದ್ದಿತು, ನಿನ್ನ ಮಂಡಿಯ ತೂಕದ ಯಂತ್ರದ ಚಿತ್ರವಿರುವ ಪರದೆ ಬಂದಿತು, ಸಿ ಡ್ರೈವ್ ಇತ್ತು. ಡಿ ಡ್ರೈವ್ ಇರಲಿಲ್ಲ. ಲೆಕ್ಕದ ತಂತ್ರಾಂಶ ತೆರೆಯಿತು, ಆದರೆ ಲೆಕ್ಕವೆಲ್ಲ ಇರುವುದು ಡಿಯಲ್ಲಿ. ಅದು ಖಾಲಿ ಅಂಗಡಿಯಂತೆ ಬಾಗಿಲು ತೆರೆದುಕೊಂಡು ನಿಂತಿತ್ತು.

ಬ್ಯಾಕಪ್ಪಿನ ಲಾಗ್ ತೆರೆದು ಓದಿದೆ. ಮೇಲಿನಿಂದ ಕೆಲವೇ ಸಾಲುಗಳ ಕೆಳಗೆ, ಸ್ಕಸಿ 1 ಡಿಸ್ಕನ್ನು (ಅದೇ ನಿನ್ನ ಡಿ ಡ್ರೈವ್) ಬಿಡಲಾಗಿದೆ, ಬ್ಯಾಕಪ್ ಈಕ್ವಲ್ ಟು ನೋ, ಎಂದು ಸ್ಪಷ್ಟವಾಗಿ ಬರೆದಿತ್ತು. ಹಿಂದಿನ ದಿನದ್ದರಲ್ಲೂ ಇತ್ತು, ಅದರ ಹಿಂದಿನದರಲ್ಲೂ ಇತ್ತು. ಪ್ರಾಕ್ಸ್‌ಮಾಕ್ಸಿನಲ್ಲಿ ಒಂದೊಂದು ಡಿಸ್ಕಿಗೂ ಬ್ಯಾಕಪ್ ಎಂಬ ಒಂದು ಚಿಕ್ಕ ಟಿಕ್ ಇರುತ್ತದೆ. ತೆಗೆದರೆ ಆ ಡಿಸ್ಕ್ ಬಿಟ್ಟು ಉಳಿದದ್ದರ ಬ್ಯಾಕಪ್ ಮಾತ್ರ ಆಗುತ್ತದೆ. ಡಿ ಡ್ರೈವ್ ಸೇರಿಸಿದ ಕಾಲಕ್ಕೆ ನನ್ನ ಬಳಿ ಇದ್ದ ಯುಎಸ್‌ಬಿ ಡಿಸ್ಕ್ ಚಿಕ್ಕದು. ದೊಡ್ಡದು ತಂದ ಮೇಲೆ ಹಾಕಿದರಾಯಿತು ಎಂದು ಆ ಟಿಕ್ ತೆಗೆದಿದ್ದೆ. ದೊಡ್ಡದು ತಂದೆ, ಟಿಕ್ ಮರೆತೆ. ಕೊನೆಯಲ್ಲಿ ಟಾಸ್ಕ್ ಓಕೆ ಎಂದು ಬರುವುದು ಹೇಳಿದ ಕೆಲಸ ಮುಗಿಯಿತು ಎಂಬುದಕ್ಕೆ ಸಾಕ್ಷಿ. ಹೇಳಬೇಕಾದದ್ದನ್ನೆಲ್ಲ ನಾನು ಹೇಳಿದ್ದೆನೇ ಎಂಬುದು ಆ ಯಂತ್ರಕ್ಕೆ ಹೇಗೆ ತಿಳಿಯಬೇಕು? ಮಂಗಳವಾರ ನಾನು ರೀಸೆಟ್ ಒತ್ತಿ ಡಿ ಡ್ರೈವ್ ಕೆಟ್ಟಿದ್ದರೆ, ಬ್ಯಾಕಪ್ ಇದೆಯಲ್ಲ ಎಂಬ ಧೈರ್ಯದಿಂದಲೇ ನಿನ್ನ ಮೂರು ವರ್ಷದ ಖಾತೆಯನ್ನು ಕಳೆಯುತ್ತಿದ್ದೆ. ಇದರಲ್ಲಿ ತಂತ್ರಾಂಶದ ತಪ್ಪು ಲವಲೇಶವೂ ಇಲ್ಲ. ಕ್ಷಮೆ ಇರಲಿ.

ಆ ರಾತ್ರಿಯೇ ಟಿಕ್ ಹಾಕಿ, ಬೆಳಗಾಗುವವರೆಗೆ ಎದ್ದಿದ್ದು, ಪೂರ್ತಿ ಬ್ಯಾಕಪ್ ಮಾಡಿಸಿದೆ. ರಾತ್ರಿ ಒಂಬತ್ತರ ಮೇಲೆ ಬಿಲ್ಲು ಬರೆಯುವಾಗ ಯಂತ್ರ ತೆವಳುತ್ತದೆ ಎಂದು ನೀನು ಹಲವು ಸಲ ಹೇಳಿದ್ದೆಯಲ್ಲ, ಅದರ ಕಾರಣವೂ ಆಗ ಸಿಕ್ಕಿತು. ಓಡುತ್ತಿರುವ ಯಂತ್ರದ ಬ್ಯಾಕಪ್ ಆಗುವಾಗ, ಇನ್ನೂ ನಕಲಾಗದ ಜಾಗದಲ್ಲಿ ನೀನು ಏನಾದರೂ ಬರೆಯಹೊರಟರೆ, ಅಲ್ಲಿನ ಹಳೆಯದು ಮೊದಲು ಬ್ಯಾಕಪ್ಪಿಗೆ ಹೋಗಬೇಕು. ಅಲ್ಲಿಯವರೆಗೆ ನಿನ್ನ ಬರಹ ಕಾಯುತ್ತದೆ. ನಿಧಾನದ ಯುಎಸ್‌ಬಿ ಡಿಸ್ಕಿನ ವೇಗವೇ ಆ ಹೊತ್ತಿಗೆ ನಿನ್ನ ವೇಗ. 2024ರಲ್ಲಿ ಬಂದ ಪ್ರಾಕ್ಸ್‌ಮಾಕ್ಸ್ 8.2ರಿಂದ ಇದಕ್ಕೆ ಫ್ಲೀಸಿಂಗ್ ಎಂಬ ಉಪಾಯವಿದೆ, ಹಳೆಯದನ್ನು ತಾತ್ಕಾಲಿಕವಾಗಿ ವೇಗದ ಡಿಸ್ಕಿನಲ್ಲೇ ಇಟ್ಟುಕೊಳ್ಳುತ್ತದೆ. ನಾನು ಸದ್ಯಕ್ಕೆ ಬ್ಯಾಕಪ್ಪಿನ ಸಮಯವನ್ನೇ ನಸುಕಿನ ಎರಡೂವರೆಗೆ ಸರಿಸಿದ್ದೇನೆ. ಆ ಹೊತ್ತಿನಲ್ಲಿ ಬೆಲ್ಲ ಕೊಳ್ಳುವವರು ಯಾರೂ ಇರಲಾರರು.

ಎರಡನೆಯ ಪ್ರತಿ ಮೈಸೂರಿನಲ್ಲಿಯೇ ಇದ್ದರೆ ಪ್ರಯೋಜನವಿಲ್ಲ. ನಿನ್ನ ಮಂಡಿಯ ಮಾಳಿಗೆಯಲ್ಲಿ ಬಿದ್ದಿರುವ ಹಳೆಯ ಕಂಪ್ಯೂಟರಿಗೆ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಹಾಕಿಕೊಡುತ್ತೇನೆ. ಅದು ಒಂದೇ ತುಣುಕನ್ನು ಎರಡು ಸಲ ಇಡುವುದಿಲ್ಲವಾದ್ದರಿಂದ, ಮೊದಲ ದಿನ ಬಿಟ್ಟರೆ ಆಮೇಲೆ ದಿನವೂ ಬದಲಾದಷ್ಟೇ ಇಲ್ಲಿಂದ ಅಲ್ಲಿಗೆ ಬರುತ್ತದೆ. ಮೊದಲ ದಿನದ್ದನ್ನು ನಿನ್ನ ಇಂಟರ್ನೆಟ್ಟಿನ ಮೇಲೆ ಹೇರದೆ, ಡಿಸ್ಕಿನಲ್ಲಿ ತುಂಬಿಕೊಂಡು ರೈಲಿನಲ್ಲಿ ನಾನೇ ತರುತ್ತೇನೆ.

ನಿನ್ನಿಂದ ಆಗಬೇಕಾದ ಕೆಲಸ ಒಂದಿದೆ. ಗುರುವಾರದ ಬ್ಯಾಕಪ್ಪನ್ನು 902 ಎಂದು ರಿಸ್ಟೋರ್ ಮಾಡಿ ಇಟ್ಟಿದ್ದೇನೆ. ಈ ಸಲ ಡಿ ಡ್ರೈವ್ ಇದೆ, ಲೆಕ್ಕವೂ ತೆರೆಯುತ್ತದೆ. ಆದರೆ ಸರಿಯಾದ ಲೆಕ್ಕವೇ ಎಂದು ಹೇಳಲು ನನಗೆ ಬರುವುದಿಲ್ಲ, ಅಚ್ಚುಬೆಲ್ಲದ ದರವೂ ನನಗೆ ಗೊತ್ತಿಲ್ಲ. ಬುಧವಾರ ನೀನು ಬರೆದ ಕೊನೆಯ ಬಿಲ್ಲಿನ ಸಂಖ್ಯೆ, ಆ ದಿನ ಆಲೆಮನೆಯವರಿಗೆ ಕೊಟ್ಟ ಮುಂಗಡದ ಮೊತ್ತ, ಇವೆರಡನ್ನು ನಿನ್ನ ಕೆಂಪು ರಟ್ಟಿನ ಪುಸ್ತಕದಿಂದ ನೋಡಿ ತಿಳಿಸು. ಅವು ಹೊಂದಿದ ಮೇಲೆಯೇ 902ನ್ನು ಅಳಿಸುತ್ತೇನೆ.

ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳೆಯ