ಫೈಬರ್ ಎಳೆಯುವ ಮೊದಲು ಒಂದು ಲೆಕ್ಕ ಬರೆದಿಡಿ

ಮಾನ್ಯ ಸಂಪಾದಕರೇ,

ಇಂಟರ್ನೆಟ್ ಕೈಕೊಟ್ಟರೆ ಎಲ್ಲರೂ ಮೊದಲು ಬೈಯುವುದು ರೂಟರನ್ನು. ಕಳೆದ ತಿಂಗಳು ಪರಿಚಯದವರ ಮನೆಗೆ ಹೋಗಿದ್ದೆ, ಅಲ್ಲೂ ಇದೇ ಕಥೆ. ಎರಡು ವಾರದಿಂದ ದಿನಕ್ಕೆ ನಾಲ್ಕೈದು ಸಲ ಕೆಂಪು ದೀಪ. ಕಂಪನಿಯವರು ಬಂದು ರೂಟರ್ ಬದಲಿಸಿದರು, ಆಮೇಲೆ ಅಡಾಪ್ಟರ್ ಬದಲಿಸಿದರು, ಫೈಬರಿನಲ್ಲಿ, ಅಂದ್ರೆ ಇಂಟರ್ನೆಟ್ ತರುವ ಗಾಜಿನ ಎಳೆಯಲ್ಲಿ, ಬೆಳಕು ಎಷ್ಟು ಬರ್ತಿದೆ ಅಂತ ಮಾತ್ರ ಯಾರೂ ನೋಡಲಿಲ್ಲ. ನಾನು ಫೈಬರ್ ಲಿಂಕ್ ಕೆಲಸದವನು, ಬ್ಯಾಗಿನಲ್ಲಿ ಬೆಳಕು ಅಳೆಯುವ ಪವರ್ ಮೀಟರ್ ಇತ್ತು. ಸಿಕ್ಕಿಸಿ ನೋಡಿದರೆ ಮೈನಸ್ 27 ಡಿಬಿಎಂ (ಬೆಳಕಿನ ಬಲದ ಅಳತೆ, ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ). ಮನೆಗೆ ಕೊಡುವ ಜಿಪಾನ್ (ಒಂದೇ ಫೈಬರನ್ನು ಹಲವು ಮನೆಗೆ ಹಂಚುವ ವ್ಯವಸ್ಥೆ) ಪೆಟ್ಟಿಗೆಗಳಲ್ಲಿ ಹೆಚ್ಚಿನವು ತಡೆಯುವುದು ಅಲ್ಲಿಯವರೆಗೆ ಮಾತ್ರ.

ಕಪಾಟು ಸರಿಸಿದೆ. ಗೋಡೆಯ ಮೂಲೆಯಲ್ಲಿ ಫೈಬರನ್ನು ಬೆರಳಿಗೆ ಸುತ್ತಿದ ಹಾಗೆ ಮಡಚಿ, ಮೇಲೆ ಪ್ಲಾಸ್ಟಿಕ್ ಟೈ ಬಿಗಿದಿದ್ದರು. ಟೈ ಕತ್ತರಿಸಿ, ಅಂಗೈ ಅಗಲದ ಸಡಿಲ ಸುತ್ತು ಮಾಡಿದೆ. ಮೀಟರ್ ಮೈನಸ್ 21ಕ್ಕೆ ಬಂತು. ವ್ಯತ್ಯಾಸ 6 ಡಿಬಿ (ಡೆಸಿಬೆಲ್), ಅಂದ್ರೆ ನಾಲ್ಕು ಪಟ್ಟು ಬೆಳಕು! ಅಷ್ಟೂ ಆ ಮಡಿಕೆಯಲ್ಲೇ ಸೋರಿ ಹೋಗ್ತಿತ್ತು.

ಕನೆಕ್ಷನ್ ಕೊಟ್ಟ ದಿನ ರೀಡಿಂಗ್ ಎಷ್ಟಿತ್ತು ಅಂತ ಕೇಳಿದೆ. ಯಾರೂ ಬರೆದಿಟ್ಟಿರಲಿಲ್ಲ. ನನಗೆ ಬೇಜಾರಾಗಿದ್ದು ಇದಕ್ಕೇ. ಆ ಒಂದು ಸಂಖ್ಯೆ ಪೆಟ್ಟಿಗೆ ಮೇಲೆ ಇದ್ದಿದ್ದರೆ ಮೊದಲ ದಿನವೇ ತಪ್ಪು ಎಲ್ಲಿದೆ ಅಂತ ಗೊತ್ತಾಗ್ತಿತ್ತು, ಅಲ್ವಾ?

ಗಾಜಿನ ಮೇಲೆ ತಪ್ಪು ಹೊರಿಸುವ ಕಾಲ ಹೋಯ್ತು. 1966ರಲ್ಲಿ ಇಂಜಿನಿಯರುಗಳಾದ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಕಿಲೋಮೀಟರಿಗೆ 20 ಡಿಬಿಗಿಂತ ಕಡಿಮೆ ನಷ್ಟದ ಗಾಜು ಸಿಕ್ಕರೆ ಸಾಕು, ಬೆಳಕಿನಲ್ಲೇ ದೂರಕ್ಕೆ ಸಂದೇಶ ಕಳಿಸಬಹುದು ಅಂದಿದ್ದರು. 20 ಡಿಬಿ ಅಂದ್ರೆ ನೂರರಲ್ಲಿ ಒಂದು ಪಾಲು ಬೆಳಕು ಮಾತ್ರ ಉಳಿಯುತ್ತದೆ. ಈಗಿನ ಫೈಬರ್ 1550 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಕಳೆಯುವುದು ಕಿಲೋಮೀಟರಿಗೆ ಸುಮಾರು 0.2 ಡಿಬಿ, 1310ರಲ್ಲಿ 0.35. ಬೆಳಕು ಸೋರುವುದೆಲ್ಲ ನಾವು ಕೈ ಹಾಕಿದ ಕಡೆ, ಅಂದ್ರೆ ಜಾಯಿಂಟ್, ಕನೆಕ್ಟರ್, ಮಡಿಕೆಗಳಲ್ಲಿ.

ಲೆಕ್ಕ ಏನೂ ಕಷ್ಟದ್ದಲ್ಲ. ಸಾಮಾನ್ಯ ಜಿಪಾನ್ ಲೈನಿಗೆ ಸಿಗುವ ಬಜೆಟ್, ಅಂದ್ರೆ ದಾರಿಯಲ್ಲಿ ಒಟ್ಟು ಕಳೆದುಕೊಳ್ಳಬಹುದಾದ ಬೆಳಕು, 28 ಡಿಬಿ. 32 ಮನೆಗೆ ಹಂಚುವ ಸ್ಪ್ಲಿಟರ್ ಒಂದೇ ಸುಮಾರು 17 ತಿನ್ನುತ್ತದೆ. 10 ಕಿಲೋಮೀಟರ್ ಕೇಬಲ್‌ಗೆ, ನಷ್ಟ ಜಾಸ್ತಿ ಇರುವ 1310ರ ಲೆಕ್ಕದಲ್ಲಿ, 3.5. ನಾಲ್ಕು ಕನೆಕ್ಟರಿಗೆ ಅರ್ಧರ್ಧ ಹಿಡಿದರೆ 2, ಆರು ಜಾಯಿಂಟಿಗೆ 0.6. ಒಟ್ಟು 23.1 ಆಯ್ತು, ಉಳಿದದ್ದು 4.9. ಪರವಾಗಿಲ್ಲ ಅನ್ನಿಸುತ್ತೆ. ಆದರೆ ಆರು ತಿಂಗಳು ಬಿಟ್ಟು ಹೊಸ ಮನೆಗಳು ಬಂದವು ಅಂತ ಯಾರೋ ಒಬ್ಬರು ಕಾಗದ ನೋಡದೆ ಮಧ್ಯೆ ಎರಡು ಕವಲಿನ ಇನ್ನೊಂದು ಸ್ಪ್ಲಿಟರ್ ಸೇರಿಸ್ತಾರೆ, ಅದಕ್ಕೇ 3.5 ಹೋಗುತ್ತದೆ, ಕೈಯಲ್ಲಿ ಉಳಿಯುವುದು 1.4. ಆಮೇಲೆ ರಸ್ತೆ ಅಗೆಯುವವರು ಒಮ್ಮೆ ಕೇಬಲ್ ಕತ್ತರಿಸಿದರೆ, ತುಂಡು ಸೇರಿಸಿ ಸರಿ ಮಾಡುವಾಗ ಎರಡು ಹೊಸ ಜಾಯಿಂಟ್. ಎಲ್ಲೋ ಒಂದು ಮಡಿಕೆ ಬಿದ್ದರೂ ಸಾಕು, ಮುಗೀತು. ಮುಂದಿನ ರಿಪೇರಿಗೆ ಅಂತ ಕನಿಷ್ಠ 3 ಡಿಬಿ ಎತ್ತಿಡಿ, ಅದನ್ನು ಹೊಸ ಕನೆಕ್ಷನ್‌ಗೆ ಮುಟ್ಟಬೇಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಬೆಳಕು ಜಾಸ್ತಿ ಆದರೂ ತೊಂದರೆಯೇ. 80 ಕಿಲೋಮೀಟರ್ ದೂರಕ್ಕೆ ಬೆಳಕು ಕಳಿಸುವ ಮಾಡ್ಯೂಲ್ ತಂದು ಎರಡು ಮೀಟರ್ ಪ್ಯಾಚ್ ಕಾರ್ಡಿನಲ್ಲಿ (ಗಿಡ್ಡ ಫೈಬರ್ ತುಂಡು) ನೇರ ಜೋಡಿಸಿದರೆ ಎದುರಿನ ರಿಸೀವರ್ ಸುಟ್ಟು ಹೋಗಬಹುದು. ಮಧ್ಯೆ ಬೆಳಕು ತಗ್ಗಿಸುವ ಅಟೆನ್ಯುಯೇಟರ್ ಹಾಕಲೇಬೇಕು.

ಇನ್ನು ಧೂಳು. ಬೆಳಕು ಹೋಗುವ ಕೋರ್ ಬರೀ 9 ಮೈಕ್ರಾನ್, ಕೂದಲೆಳೆಗಿಂತ ಎಷ್ಟೋ ಸಣ್ಣದು. ತುದಿಯನ್ನು ಒಮ್ಮೆ ಬೆರಳಲ್ಲಿ ಮುಟ್ಟಿ ಮೈಕ್ರೋಸ್ಕೋಪಿನಲ್ಲಿ ನೋಡಿ, ಎಣ್ಣೆಯ ಕಲೆ ಆ ಕೋರನ್ನೇ ಮುಚ್ಚಿಕೊಂಡು ಕೂತಿರುತ್ತದೆ. ಕ್ಯಾಪ್ ತೆಗೆದ ತಕ್ಷಣ ಸುಮ್ನೆ ಸಿಕ್ಕಿಸಬೇಡಿ, ಒರೆಸಿ.

ಕನೆಕ್ಷನ್ ಕೊಡುವವರಿಗೆ ನನ್ನ ಮನವಿ ಇಷ್ಟೇ. ಲೆಕ್ಕದ ಪ್ರಕಾರ ಎಷ್ಟು ಡಿಬಿಎಂ ಬರಬೇಕಿತ್ತು, ಅಳೆದಾಗ ಎಷ್ಟು ಬಂತು, ಯಾವ ದಿನ ಅಂತ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿ. ಓದುಗರೇ, ಅವರು ಅಂಟಿಸದಿದ್ದರೆ ಕೇಳಿ ಬರೆಸಿಕೊಳ್ಳಿ.

ಇಂತಿ,
ಫೈಬರ್ ಕೆಲಸದ ಒಬ್ಬ ಓದುಗ