ವಂಶಾವಳಿಯಲ್ಲಿ ಖಾಲಿ ಬಿಟ್ಟ ಸಾಲು

ಲಂಡನ್
ನವೆಂಬರ್ 9

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀವೂ ಅಮ್ಮನೂ ಕ್ಷೇಮವೆಂದು ನಂಬಿದ್ದೇನೆ. ಮನೆತನದ ವಂಶಾವಳಿಯನ್ನು ಹೊಸ ಪುಸ್ತಕಕ್ಕೆ ಇಳಿಸುತ್ತಿರುವುದಾಗಿಯೂ, ಪುಟ್ಟಿಯ ತಂದೆಯ ಕಡೆಯವರಿಗೆಂದು ಅರ್ಧ ಪುಟ ಖಾಲಿ ಬಿಟ್ಟಿರುವುದಾಗಿಯೂ ಕಳೆದ ಪತ್ರದಲ್ಲಿ ಬರೆದಿದ್ದಿರಿ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲವಾದ್ದರಿಂದ ಪತ್ರವನ್ನೇ ಬರೆಯುತ್ತಿದ್ದೇನೆ.

ನಮ್ಮ ಅತ್ತೆಯವರ ಅಜ್ಜಿಯ ತಾಯಿ ಬಟ್ಟೆ ಹೊಲಿದು ಸಂಸಾರ ನಡೆಸಿದರು ಎಂಬುದೊಂದೇ ಈ ಮನೆಯಲ್ಲಿ ಎಲ್ಲರೂ ಬಲ್ಲ ಸಂಗತಿಯಾಗಿತ್ತು. ಬೇಸಿಗೆಯಲ್ಲಿ ಅಟ್ಟ ಖಾಲಿ ಮಾಡುವಾಗ ಹಳೆಯ ಟ್ರಂಕಿನ ತಳಕ್ಕೆ ಹಾಸಿದ್ದ ಕಾಗದದ ಅಡಿಯಲ್ಲಿ ಹಾಡೊಂದರ ಮುದ್ರಿತ ಪ್ರತಿ ಸಿಕ್ಕಿತು. ಒಳಗೆ ನಾಲ್ಕೈದು ಪುಟ ಸ್ವರಲಿಪಿ. ಹೊರಗೆ ಕಲ್ಲಚ್ಚಿನ ಬಣ್ಣದ ಚಿತ್ರದಲ್ಲಿ ಗರಿ ಸಿಕ್ಕಿಸಿದ ಟೋಪಿಯ ಹುಡುಗಿ. ಅವಳ ಕೆಳಗೆ, ಈ ಹಾಡನ್ನು ಹಾಡಿ ಹೆಸರಾದವರು ಇವರು ಎಂದು, ಮನೆಯಲ್ಲಿ ಯಾರೂ ಕೇಳಿರದ ಒಂದು ಹೆಸರು. ಆ ಹುಡುಗಿಯ ಗಲ್ಲ ಪುಟ್ಟಿಯ ಗಲ್ಲದಂತೆಯೇ ಇದೆಯೆಂದು ಅತ್ತೆಯವರ ಅಭಿಪ್ರಾಯ. ಆ ಕಾಲದ ಚಿತ್ರಕಾರರು ಎಲ್ಲ ಹುಡುಗಿಯರಿಗೂ ಅದೇ ಗಲ್ಲವನ್ನು ಬರೆಯುತ್ತಿದ್ದರೆಂದು ನನ್ನ ಅನುಮಾನ. ಆದರೆ ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

ಆ ಹಾಡು ಮ್ಯೂಸಿಕ್ ಹಾಲಿನದು. ಮ್ಯೂಸಿಕ್ ಹಾಲ್ ಎಂದರೆ ನಮ್ಮ ರಾಮೋತ್ಸವದ ಸಂಗೀತ ಕಚೇರಿಯಂಥದ್ದಲ್ಲ. ಹೆಂಡದಂಗಡಿಗಳ ಹಿಂಬದಿಯ ಕೋಣೆಗಳಲ್ಲಿ ಹುಟ್ಟಿದ ಹಾಡುಹಸೆ ಅದು. ಚಾರ್ಲ್ಸ್ ಮಾರ್ಟನ್ ಎಂಬವರು 1852ರಲ್ಲಿ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಕ್ಯಾಂಟರ್ಬರಿ ಹಾಲ್ ತೆರೆದ ಮೇಲೆ ಅದಕ್ಕೊಂದು ದೊಡ್ಡ ಕಟ್ಟಡ, ಟಿಕೆಟ್ಟು, ಠೀವಿ ಬಂದವು. ಜನ ತಿನ್ನುತ್ತ, ಕುಡಿಯುತ್ತ, ಹೊಗೆ ಬಿಡುತ್ತ ಕೇಳುತ್ತಿದ್ದರು. ಚೇರ್ಮನ್ ಎನಿಸಿಕೊಂಡವನು ಮೇಜನ್ನು ಸುತ್ತಿಗೆಯಿಂದ ಕುಟ್ಟಿ ಮುಂದಿನ ಕಲಾವಿದರ ಹೆಸರು ಕೂಗುತ್ತಿದ್ದನು. ಒಬ್ಬೊಬ್ಬರ ಸರದಿಯಲ್ಲಿ ಎರಡೋ ಮೂರೋ ಹಾಡು. ಬೇಡಿಕೆಯಿದ್ದವರು ಮುಖದ ಬಣ್ಣವನ್ನೂ ಅಳಿಸದೆ ಕುದುರೆಗಾಡಿ ಹತ್ತಿ, ಒಂದೇ ರಾತ್ರಿ ಮೂರು ನಾಲ್ಕು ಹಾಲುಗಳಲ್ಲಿ ಹಾಡಿ ಬರುತ್ತಿದ್ದರು.

ಹುಡುಕಾಟದಲ್ಲಿ ನಮ್ಮನ್ನು ಹೆಚ್ಚು ಸತಾಯಿಸಿದ್ದು ಆ ಹೆಸರೇ. ಈ ದೇಶದಲ್ಲಿ 1837ರ ಜುಲೈನಿಂದ ಜನನ, ಮದುವೆ, ಮರಣಗಳೆಲ್ಲ ಸರ್ಕಾರಿ ದಫ್ತರದಲ್ಲಿವೆ, ಆದರೆ ವೇದಿಕೆಗೆಂದು ಇಟ್ಟುಕೊಂಡ ಹೆಸರು ಆ ದಫ್ತರದಲ್ಲಿ ಎಲ್ಲಿ ಸಿಕ್ಕೀತು? ಮೇರಿ ಲಾಯ್ಡ್ ಎಂದು ಲೋಕವೆಲ್ಲ ಬಲ್ಲ ಗಾಯಕಿಯ ಹುಟ್ಟಿದ ಹೆಸರು ಮಟಿಲ್ಡಾ ವುಡ್; ಹಾಸ್ಯಗಾರ ಡ್ಯಾನ್ ಲೆನೊ ಕಾಗದದಲ್ಲಿ ಜಾರ್ಜ್ ಗ್ಯಾಲ್ವಿನ್. ನೀವು ಟೆಂಟಿನಲ್ಲಿ ನೋಡಿ ನಕ್ಕಿದ್ದಾಗಿ ಹೇಳುತ್ತಿದ್ದ ಚಾರ್ಲಿ ಚಾಪ್ಲಿನ್ನನ ತಾಯಿ ಹ್ಯಾನಾ ಕೂಡ ಇದೇ ಹಾಲುಗಳಲ್ಲಿ ಲಿಲಿ ಹಾರ್ಲಿ ಎಂಬ ಹೆಸರಿನಲ್ಲಿ ಹಾಡುತ್ತಿದ್ದವಳು. ಗಂಡನೂ ಹಾಡುಗಾರನೇ, ಆದರೂ 1896ರಲ್ಲಿ ಅವಳು ಇಬ್ಬರು ಮಕ್ಕಳೊಂದಿಗೆ ವರ್ಕ್‌ಹೌಸ್ ಎಂಬ ದಿಕ್ಕಿಲ್ಲದವರ ಆಶ್ರಯವನ್ನು ಸೇರಬೇಕಾಯಿತು. ಅಷ್ಟು ಪ್ರಸಿದ್ಧನಾದ ಆ ಮಗನ ಜನನಪತ್ರವೇ ಇಂದಿಗೂ ಸಿಕ್ಕಿಲ್ಲವೆಂದ ಮೇಲೆ ನಮ್ಮ ಪಾಡೇನು?

ದಾರಿ ತೋರಿಸಿದ್ದು ‘ದಿ ಎರಾ’ ಎಂಬ ಪತ್ರಿಕೆ. 1838ರಲ್ಲಿ ಆರಂಭವಾದ ಈ ವಾರಪತ್ರಿಕೆ ನಾಟಕದವರ, ಹಾಡುವವರ ಊಟದ ಎಲೆಯಿದ್ದಂತೆ. ಈ ವಾರ ಎಲ್ಲಿದ್ದೇವೆ, ಮುಂದಿನ ವಾರ ಎಲ್ಲಿಗೆ, ಯಾವ ವಾರ ಬಿಡುವಿದೆ ಎಂದು ಕಲಾವಿದರು ಕಾಸು ಕೊಟ್ಟು ಎರಡೆರಡು ಸಾಲಿನ ಜಾಹೀರಾತು ಹಾಕಿಸುತ್ತಿದ್ದರು, ಏಜೆಂಟರು ಬರೆಯಲೆಂದು ವಿಳಾಸವನ್ನೂ ಕೊಡುತ್ತಿದ್ದರು. ಹಳೆಯ ಸಂಚಿಕೆಗಳು ಈಗ ಕಂಪ್ಯೂಟರಿನಲ್ಲಿ ಓದಸಿಗುತ್ತವೆ. ಆದರೆ ಇರುವೆಯ ಸಾಲಿನಂಥ ಆ ಅಚ್ಚನ್ನು ಯಂತ್ರ ತಪ್ಪಾಗಿ ಓದಿಕೊಂಡಿರುವುದರಿಂದ, ಹೆಸರು ಕೊಟ್ಟು ಹುಡುಕಿದರೆ ಬರಿಗೈ. ಆಮೇಲೆ ನಾನು ಹಾಲುಗಳ ಹೆಸರು, ಊರುಗಳ ಹೆಸರು ಕೊಟ್ಟು ಹುಡುಕಿ, ಪುಟಪುಟವನ್ನೂ ಕಣ್ಣಿನಿಂದಲೇ ಓದುತ್ತ ಹೋದೆ. ಆರು ವಾರದ ರಾತ್ರಿಗಳು ಅದಕ್ಕೆ ಹೋದವು. 1891ರ ಏಪ್ರಿಲ್ ತಿಂಗಳ ಮೊದಲ ಸಂಚಿಕೆಯಲ್ಲಿ ಆ ಟೋಪಿಯ ಹುಡುಗಿಯ ಹೆಸರಿತ್ತು; ಸೋಮವಾರದಿಂದ ಲೀಡ್ಸ್, ಬೀದಿ ಇಂಥದ್ದು, ಮನೆ ನಂಬರು ಇಷ್ಟು ಎಂದಿತ್ತು.

ಇಲ್ಲಿ ನಮ್ಮ ಅದೃಷ್ಟ ತೆರೆಯಿತು. ಆ ವರ್ಷದ ಜನಗಣತಿ ನಡೆದದ್ದು ಏಪ್ರಿಲ್ 5ರ ಭಾನುವಾರದ ರಾತ್ರಿ. ಕಲಾವಿದರು ಶನಿವಾರ ಆಟ ಮುಗಿಸಿ, ಭಾನುವಾರ ರೈಲಿನಲ್ಲಿ ಮುಂದಿನ ಊರು ಸೇರುತ್ತಿದ್ದರಾದ್ದರಿಂದ, ಗಣತಿಯವರಿಗೆ ಅವರು ಸಿಕ್ಕುತ್ತಿದ್ದದ್ದು ಸ್ವಂತ ಮನೆಯಲ್ಲಲ್ಲ, ಯಾವುದೋ ಊರಿನ ಬಾಡಿಗೆ ಕೋಣೆಯಲ್ಲಿ. ಲೀಡ್ಸ್‌ನ ಅದೇ ಬೀದಿಯ ಅದೇ ಮನೆಯಲ್ಲಿ ಆ ರಾತ್ರಿ ಮಲಗಿದ್ದವರು ಮನೆಯೊಡತಿ, ಒಬ್ಬ ಜಿಮ್ನಾಸ್ಟ್, ಹಾಸ್ಯದ ಹಾಡುಗಾರರಾದ ಗಂಡ ಹೆಂಡತಿ, ಮತ್ತು ಲಂಡನ್ನಿನ ಬರ್ಮಂಡ್ಸಿಯಲ್ಲಿ ಹುಟ್ಟಿದ 22 ವರ್ಷದ, ‘ಗಾಯಕಿ’ ಎಂದು ವೃತ್ತಿ ಬರೆಸಿದ ಹೆಣ್ಣುಮಗಳು. ಹೆಸರು ಮಾತ್ರ ಬೇರೆ. ಆ ಹೆಸರು ಹಿಡಿದು ಜನನಪತ್ರ ತರಿಸಿದರೆ, ಅದೇ ಹೆಸರಿನ, ಅದೇ ವರ್ಷ ಹುಟ್ಟಿದ ಇನ್ಯಾರದೋ ಪತ್ರ ಬಂತು. ನನ್ನದೇ ಆತುರ, ದುಡ್ಡು ದಂಡವಾಯಿತು. ಕೊನೆಗೆ ಅತ್ತೆಯವರ ಅಜ್ಜಿಯ ತಂದೆತಾಯಿಯ 1895ರ ಮದುವೆ ಪತ್ರ ತರಿಸಿದೆವು. ಇಲ್ಲಿನ ಮದುವೆ ಪತ್ರದಲ್ಲಿ ಇಬ್ಬರ ತಂದೆಯರ ಹೆಸರು, ಕಸುಬು ಇರುತ್ತವೆ. ವಧುವಿನ ತೌರಿನ ಹೆಸರು ಲೀಡ್ಸ್‌ನ ಬಾಡಿಗೆ ಕೋಣೆಯವಳ ಹೆಸರೇ. ತಂದೆ ಬರ್ಮಂಡ್ಸಿಯ ಚರ್ಮದ ಕೆಲಸಗಾರ. ವರನ ವೃತ್ತಿ ಬರೆದಿದ್ದಾರೆ. ವಧುವಿನ ವೃತ್ತಿಯ ಜಾಗದಲ್ಲಿ ಒಂದು ಗೀಟು.

1901ರ ಗಣತಿಯಲ್ಲಿ ಅವರು ಬಟ್ಟೆ ಹೊಲಿಯುವವರು. ಮನೆಯವರು ಹೇಳುತ್ತಿದ್ದದ್ದು ಸುಳ್ಳಲ್ಲ, ಅರ್ಧ ಮಾತ್ರ. 1911ರ ಗಣತಿಯ ಕಾಗದವನ್ನು ಮನೆಯವರೇ ತುಂಬಬೇಕಿತ್ತು, ಹಾಗಾಗಿ ಅಲ್ಲಿರುವುದು ಅವರದೇ ಕೈಬರಹ: ಬಲಕ್ಕೆ ವಾಲಿದ, ಒತ್ತಿ ಬರೆದ ಅಕ್ಷರ. ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಉಳಿದರು ಎಂಬ ಪ್ರಶ್ನೆ ಆ ವರ್ಷ ಗಂಡ ಇದ್ದವರಿಗೆ ಮಾತ್ರ ಇತ್ತು. ಆ ಹೊತ್ತಿಗೆ ವಿಧವೆಯಾಗಿದ್ದ ಇವರು ಅದನ್ನೂ ತುಂಬಿದ್ದಾರೆ: ಐದು ಹುಟ್ಟಿ, ಮೂರು ತೀರಿಕೊಂಡು, ಎರಡು ಉಳಿದವು. ಅಧಿಕಾರಿ ಅದರ ಮೇಲೆ ಕೆಂಪು ಶಾಯಿಯ ಗೆರೆ ಎಳೆದಿದ್ದಾನೆ. ಗೆರೆಯ ಅಡಿಯಲ್ಲಿ ಅಂಕಿಗಳು ಸ್ಪಷ್ಟವಾಗಿಯೇ ಕಾಣುತ್ತವೆ. ಅತ್ತೆಯವರು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದರು.

ಹಾಡುತ್ತಿದ್ದ ವಿಷಯವನ್ನು ಮುಚ್ಚಿಟ್ಟಿದ್ದೇಕೆಂದು ನಾನು ಬಹಳ ಯೋಚಿಸಬೇಕಾಗಲಿಲ್ಲ. 1912ರಲ್ಲಿ ರಾಜದಂಪತಿಗಳ ಮುಂದೆ ಮ್ಯೂಸಿಕ್ ಹಾಲ್ ಕಲಾವಿದರ ಪ್ರದರ್ಶನ ಏರ್ಪಟ್ಟಾಗ ಮೇರಿ ಲಾಯ್ಡ್‌ಳನ್ನೇ ಕರೆಯಲಿಲ್ಲ. ಆಕೆಯ ಹಾಡಿನ ಕಣ್ಸನ್ನೆ ದೊಡ್ಡವರಿಗೆ ಸರಿಬೀಳುತ್ತಿರಲಿಲ್ಲ. ಅಂಥ ತಾರೆಗೇ ಹೀಗಾದರೆ, ಎರಡು ಸಾಲಿನ ಜಾಹೀರಾತಿನವರು ಮದುವೆಯ ದಿನ ಬಾಯಿಮುಚ್ಚಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಅವರು ಹಾಡಿದ ಲ್ಯಾಂಬೆತ್‌ನ ಕ್ಯಾಂಟರ್ಬರಿ ಎರಡನೆಯ ಮಹಾಯುದ್ಧದ ಬಾಂಬಿಗೆ ಹಾಳಾಯಿತು. ಹಾಗಾಗಿ, ಅಂಥ ಒಂದು ಕಟ್ಟಡವನ್ನಾದರೂ ತೋರಿಸೋಣವೆಂದು ಪುಟ್ಟಿಯನ್ನು ವೈಟ್‌ಚಾಪೆಲ್ ಕಡೆಯ ವಿಲ್ಟನ್ಸ್‌ಗೆ ಕರೆದುಕೊಂಡು ಹೋಗಿದ್ದೆವು. 1859ರದು, 1888ರಲ್ಲಿ ಮೆಥಡಿಸ್ಟ್ ಪಂಥದವರು ಪ್ರಾರ್ಥನೆಗೆಂದು ಕೊಂಡುಕೊಂಡರು, ಅದರಿಂದಲೇ ಉಳಿಯಿತು. ಕಿರಿದಾದ ಓಣಿ, ಸಾಮಾನ್ಯ ಬಾಗಿಲು, ಒಳಗೆ ಹೋದರೆ ಎತ್ತರದ ಹಾಲು. ಹಗ್ಗ ಹೊಸೆದಂತೆ ತಿರುಚಿಕೊಂಡ ತೆಳ್ಳನೆಯ ಕಬ್ಬಿಣದ ಕಂಬಗಳ ಮೇಲೆ ಬಾಲ್ಕನಿ. ಗೋಡೆಯ ಗಾರೆ ಉದುರಿದ್ದನ್ನು ಬೇಕೆಂದೇ ಹಾಗೆಯೇ ಬಿಟ್ಟಿದ್ದಾರೆ. ಪುಟ್ಟಿ ನೀವು ಕಲಿಸಿದ ‘ಆನೆ ಬಂತೊಂದಾನೆ’ಯನ್ನು ಮೆಲ್ಲಗೆ ಹೇಳಿದಳು, ಹಿಂದಿನ ಗೋಡೆಯ ಹತ್ತಿರ ನಿಂತಿದ್ದ ನನಗೆ ಒಂದೊಂದು ಮಾತೂ ಕೇಳಿಸಿತು.

ಎರಡು ಹೆಸರನ್ನೂ ಕನ್ನಡದಲ್ಲಿ ಬರೆದ ಚೀಟಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ವಂಶಾವಳಿಯಲ್ಲಿ ಹುಟ್ಟಿದ ಹೆಸರನ್ನೂ ಹಾಡಿದ ಹೆಸರನ್ನೂ ಬರೆಯಿರಿ. ವೃತ್ತಿ ಗಾಯನ, ಆಮೇಲೆ ಹೊಲಿಗೆ. ಇನ್ನೊಂದು ಮಾತು. ನೀವು ಫೋಟೋ ತೆಗೆದು ಕಳಿಸಿದ ನಮ್ಮ ಕಡೆಯ ಪುಟದಲ್ಲಿ ತಾತನ ಅಣ್ಣನ ಜಾಗದಲ್ಲಿ ಒಂದು ಗೀಟಿದೆ. ಅವರು ಮನೆಬಿಟ್ಟು ನಾಟಕದ ಕಂಪನಿ ಸೇರಿ ಸ್ತ್ರೀಪಾತ್ರ ಮಾಡುತ್ತಿದ್ದರೆಂದು ಅಜ್ಜಿ ಒಮ್ಮೆ ಒಲೆಯ ಮುಂದೆ ಪಿಸುಗುಟ್ಟಿದ್ದು ನನಗೆ ನೆನಪಿದೆ. ಹೆಸರನ್ನು ಮಾತ್ರ ಅವರು ಹೇಳಲಿಲ್ಲ. ಅವರ ಹೆಸರೇನು, ಅಪ್ಪ? ಮುಂದಿನ ಪತ್ರದಲ್ಲಿ ತಪ್ಪದೆ ಬರೆಯಿರಿ.

ಅಮ್ಮನಿಗೆ ನನ್ನ ನಮಸ್ಕಾರಗಳು. ಹಪ್ಪಳದ ಪೊಟ್ಟಣ ಒಂದೂ ಮುರಿಯದೆ ಬಂದು ತಲುಪಿತೆಂದು ಹೇಳಿ.

ಇಂತಿ ನಿಮ್ಮ ಪ್ರೀತಿಯ ಮಗಳು