ಶನಿವಾರದ ಊಟಕ್ಕೆ ಬರುವವರ ಗಮನಕ್ಕೆ

ಶನಿವಾರ ರಾತ್ರಿ ಎಂಟಕ್ಕೆ ಇಂದಿರಾನಗರದ 12ನೇ ಮುಖ್ಯರಸ್ತೆಯ ರೆಸ್ಟೋರೆಂಟಿನಲ್ಲಿ ಸೇರೋಣ. ಅಲ್ಲಿ ಒಂದು ತಟ್ಟೆಯಲ್ಲಿ ಬರುವುದು ನಾಲ್ಕೈದು ತುತ್ತು ಮಾತ್ರ. ಎಲ್ಲವನ್ನೂ ನಡುವೆ ಇಟ್ಟು ಹಂಚಿಕೊಂಡು ತಿನ್ನುವ ಊಟವಿದು. ಮೊದಲು ಕೆಲವನ್ನೇ ತರಿಸಿ, ರುಚಿ ನೋಡಿ ಮುಂದಿನವನ್ನು ಹೇಳೋಣ. ಬಿಸಿ ಇರುವಾಗಲೇ ತಿನ್ನಿ, ಫೋಟೊ ಆಮೇಲೆ. ಕಡಲೆಕಾಯಿ ಒಗ್ಗದವರು ಇಂದೇ ತಿಳಿಸಿ.

ಬಿಲ್ಲಿನಲ್ಲಿ ಜಿಎಸ್‌ಟಿ ಕೊಡಲೇಬೇಕು. ಸೇವಾಶುಲ್ಕ ಹಾಗಲ್ಲ: ಅದನ್ನು ರೆಸ್ಟೋರೆಂಟಿನವರು ತಾವಾಗಿಯೇ ಸೇರಿಸಕೂಡದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿದಿದೆ. ಸೇರಿಸಿದ್ದರೆ ವಿನಯದಿಂದ ತೆಗೆಸಿ, ಬಡಿಸಿದವರ ಕೈಗೇ ಭಕ್ಷೀಸು ಕೊಡೋಣ.

ಬೆಲೆ ದುಬಾರಿ ಎನಿಸಿದವರು ನನಗೊಬ್ಬನಿಗೇ ಸಂದೇಶ ಕಳುಹಿಸಿ. ಹಣದ ಕಾರಣಕ್ಕೆ ಯಾರೂ ಹಿಂದೆ ಉಳಿಯಬಾರದು.